0047 ಎಕ್ಸೆಲ್‌ಗೆ ಹೋಗಿ 47 ಆದದ್ದು

ದಾವಣಗೆರೆಯ ಎಪಿಎಂಸಿ ಹತ್ತಿರ ಒಂದು ಚಿಕ್ಕ ಸಾಫ್ಟ್‌ವೇರ್ ಆಫೀಸಿನಲ್ಲಿ ನನ್ನ ಕೆಲಸ. ಮೆಕ್ಕೆಜೋಳದ ಮಂಡಿಗಳಿಗೆ ಲೆಕ್ಕದ ಪ್ರೋಗ್ರಾಂ ಮಾಡಿಕೊಡುತ್ತೇವೆ. ಸುಗ್ಗಿ ಶುರುವಾಯಿತೆಂದರೆ ಮಂಡಿಯವರಿಗೂ ಪುರುಸೊತ್ತಿಲ್ಲ, ನಮಗೂ ಇಲ್ಲ.

ಅಂಥದ್ದೇ ಒಂದು ದಿನ ಮಂಡಿಯ ಗುಮಾಸ್ತರೊಬ್ಬರು ಫೋನ್ ಮಾಡಿದರು. "ಏನ್ರೀ, ರೈತರ ಖಾತೆ ನಂಬರ್‌ನಾಗೆ ಇ ಪ್ಲಸ್ ಅಂತ ಐತಲ್ಲ, ಇದ್ಯಾವ ಬ್ಯಾಂಕು?" ನನಗೆ ನಗು ಬಂತು. ನಮ್ಮ ಪ್ರೋಗ್ರಾಂನಿಂದ ತೆಗೆದು ಅವರು ಎಕ್ಸೆಲ್‌ನಲ್ಲಿ ತೆರೆದಿದ್ದ ಫೈಲ್ ತರಿಸಿಕೊಂಡು ನೋಡಿದ ಮೇಲೆ ನಗು ನಿಂತಿತು. ಉದ್ದದ ಸಂಖ್ಯೆಯನ್ನು ಎಕ್ಸೆಲ್ ಇ ಪ್ಲಸ್ ಹಾಕಿ ಮೊಟಕು ಮಾಡಿ ತೋರಿಸುತ್ತಿತ್ತು. 16 ಅಂಕಿಯ ಖಾತೆ ನಂಬರುಗಳ ಕೊನೆಯ ಅಂಕಿಯೆಲ್ಲ ಸೊನ್ನೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಮುಂದಿನದ್ದು ಹೋದಂತೆಯೇ. ಲಾಟ್ ನಂಬರ್ 0047 ಇದ್ದದ್ದು 47 ಆಗಿತ್ತು. ತಾರೀಖಿನದು ಇನ್ನೊಂದು ಗೋಳು. ಅವರ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು. 12ರವರೆಗಿನ ತಾರೀಖುಗಳಲ್ಲಿ ದಿನ, ತಿಂಗಳು ಅದಲುಬದಲು. 13ರಿಂದ ಮುಂದಿನವು ತಾರೀಖೇ ಅಲ್ಲ, ಬರೀ ಅಕ್ಷರ. ಪುಣ್ಯಕ್ಕೆ ದುಡ್ಡು ಹಾಕುವ ಮೊದಲೇ ಅವರ ಕಣ್ಣಿಗೆ ಬಿತ್ತು.

ನಮ್ಮ ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತಿತ್ತು. ತೂಕಕ್ಕೆ ಎರಡು ದಶಾಂಶ, ಲಾಟ್‌ಗೆ ನಾಲ್ಕು ಅಂಕಿ, ಮೊತ್ತಕ್ಕೆ ಲಕ್ಷದ ಕಾಮಾ (1,25,000 ಎಂಬಂತೆ) ಅಂತ ಪ್ರತಿ ಕಾಲಂಗೂ ಫಾರ್ಮ್ಯಾಟ್ ಬರೆದಿಟ್ಟಿದ್ದೆವು. ಆದರೆ ಫೈಲ್ ಬರೆದುಕೊಡುವ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್‌ಗೆ ಹೋಗುತ್ತಿದ್ದದ್ದು ಫಾರ್ಮ್ಯಾಟ್ ಇಲ್ಲದ ಬರೀ ಮೌಲ್ಯಗಳು ಮಾತ್ರ. ಅದು ಸಿಎಸ್‌ವಿ, ಅಂದರೆ ಕಾಮಾ ಹಾಕಿ ಬೇರೆ ಮಾಡಿದ ಸಾದಾ ಅಕ್ಷರದ ಫೈಲ್, ಬರೆದು ಕೈತೊಳೆದುಕೊಳ್ಳುತ್ತಿತ್ತು, ಉಳಿದದ್ದನ್ನು ಎಕ್ಸೆಲ್ ಊಹಿಸುತ್ತಿತ್ತು.

ನಾನು ಅವಸರದಲ್ಲಿ ಮಾಡಿದ್ದು ತಪ್ಪು ರಿಪೇರಿ. ಪರದೆಯಲ್ಲಿ ಕಾಣುವ ಅಕ್ಷರವನ್ನೇ ಸ್ಕ್ರಿಪ್ಟ್‌ಗೆ ಕೊಟ್ಟು, ಎಲ್ಲವನ್ನೂ ಟೆಕ್ಸ್ಟ್ ಆಗಿ ಬರೆಸಿದೆ. ನೋಡಲು ಚೆಂದ. ಮಾರನೇ ದಿನ ಮತ್ತೆ ಫೋನ್: "ಟೋಟಲ್ ಹಾಕಿದ್ರೆ ಸೊನ್ನೆ ಬರ್ತೈತ್ರಿ." ಟೆಕ್ಸ್ಟನ್ನು ಕೂಡಿಸಿದರೆ ಇನ್ನೇನು ಬಂದೀತು, ಅಲ್ವಾ?

ಡೇಟಾಬೇಸನ್ನೇ ಕೇಳೋಣ ಎಂದುಕೊಂಡೆ. ನಮ್ಮ ಸ್ಕ್ರಿಪ್ಟ್‌ನ ಭಾಷೆ ಪೈಥಾನ್‌ನಲ್ಲಿ, ಡೇಟಾಬೇಸಿನಿಂದ ಸಾಲುಗಳನ್ನು ತಂದುಕೊಡುವ ಕರ್ಸರ್ ಪ್ರತಿ ಕಾಲಂಗೆ ಏಳು ಸಂಗತಿ ಹೇಳಬೇಕು. ಅದರಲ್ಲಿ ಹೆಸರು ಮತ್ತು ಟೈಪ್ ಮಾತ್ರ ಕಡ್ಡಾಯ, ಉಳಿದ ಐದು ಖಾಲಿ ಬಂದರೂ ಕೇಳುವಂತಿಲ್ಲ. ಬಂದರೂ ಅಷ್ಟೇ. ಲಾಟ್ ನಂಬರ್ ಪೂರ್ಣಾಂಕ ಎನ್ನುತ್ತದೆ, ನಾಲ್ಕು ಅಂಕಿ ತೋರಿಸು ಎನ್ನುವುದಿಲ್ಲ. ಅದು ಗೊತ್ತಿರುವುದು ನಮ್ಮ ಪರದೆಗೆ ಮಾತ್ರ.

ಕೊನೆಗೆ ಮೌಲ್ಯವನ್ನು ಹಾಗೇ ಬಿಟ್ಟು, ಪಕ್ಕಕ್ಕೆ ಕಾಲಂಗಳ ಪಟ್ಟಿಯೊಂದನ್ನು ಸ್ಕ್ರಿಪ್ಟ್‌ಗೆ ಕೊಟ್ಟೆ. ಅದರಲ್ಲಿ ಹೆಸರು, ಟೈಪ್, ದಶಾಂಶ, ತಾರೀಖಿನ ರೂಪ, ಅಗಲ, ಮರೆಮಾಡಿದ ಕಾಲಮ್ಮೋ ಅಲ್ಲವೋ ಎಲ್ಲ ಇದೆ. ಸಿಎಸ್‌ವಿ ಬಿಟ್ಟು ನಿಜವಾದ ಎಕ್ಸೆಲ್ ಫೈಲ್ ಬರೆಸಿದೆ. ಅಲ್ಲಿ ಪ್ರತಿ ಸೆಲ್‌ನಲ್ಲೂ ಮೌಲ್ಯ ಬೇರೆ, ಫಾರ್ಮ್ಯಾಟ್ ಬೇರೆ. ಲಾಟ್‌ಗೆ 0000, ತೂಕಕ್ಕೆ 0.00. ಖಾತೆ ನಂಬರಿಗೆ ಟೆಕ್ಸ್ಟ್ ಎಂದು ಹೇಳುವ @ ಫಾರ್ಮ್ಯಾಟ್ ಹಾಕಿದರೆ ಸಾಲದು, ಮೌಲ್ಯವನ್ನೂ ಟೆಕ್ಸ್ಟ್ ಆಗಿಯೇ ಬರೆಯಬೇಕು. ಇದಕ್ಕೇ ಅರ್ಧ ದಿನ ಹೋಯಿತು.

ಲಕ್ಷದ ಕಾಮಾ ಮಾತ್ರ ಜಾಸ್ತಿ ಕಾಡಿತು. ನಮ್ಮ ಪರದೆಯ ಫಾರ್ಮ್ಯಾಟ್ ಎಕ್ಸೆಲ್‌ಗೆ ಅರ್ಥವಾಗುವುದಿಲ್ಲ. ಕೋಟಿ ದಾಟಿದರೆ ಹೀಗೆ, ಲಕ್ಷ ದಾಟಿದರೆ ಹಾಗೆ, ಉಳಿದದ್ದಕ್ಕೆ ಇನ್ನೊಂದು ಅಂತ ಮೂರು ತುಂಡಾಗಿ ಬರೆದೆ. ಅಷ್ಟಕ್ಕೇ ಷರತ್ತಿನ ಜಾಗ ಮುಗಿಯಿತು. ಹಾಗಾಗಿ ರೈತರ ಮುಂಗಡ ಕಳೆದು ಮೈನಸ್‌ಗೆ ಹೋದ ಲೆಕ್ಕಗಳಲ್ಲಿ -1,25,000 ಬರಬೇಕಾದಲ್ಲಿ ಇವತ್ತಿಗೂ -125,000 ಅಂತಲೇ ಬರುತ್ತದೆ. ಗುಮಾಸ್ತರಿಗೆ ಹೇಳಿದೆ. "ಅಷ್ಟು ಬಿಡ್ರಿ, ನಾ ಓದ್ಕಂತೀನಿ" ಎಂದರು.