ವಾಟ್ಸಾಪ್ ಇರುವಾಗ ಮಳೆ ಲೆಕ್ಕ ಹೇಳೋಕೆ ಹ್ಯಾಮ್ ರೇಡಿಯೊ ಯಾಕೆ?

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಎಲ್ಲಿ ಹೋದರೂ ಹ್ಯಾಮ್‌ಗಳಿಗೆ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರಿಗೆ, ಎದುರಾಗುವ ಪ್ರಶ್ನೆ ಒಂದೇ: "ಕೈಯಲ್ಲಿ ಮೊಬೈಲ್ ಇದೆ, ಪಂಚಾಯಿತಿಗೊಂದು ಸರ್ಕಾರದ ಮಳೆಮಾಪಕ ಇದೆ. ಮತ್ತೆ ಆಂಟೆನಾ ಕಟ್ಟಿಕೊಂಡು ಮಳೆ ಲೆಕ್ಕ ಹೇಳೋದು ಯಾಕ್ರೀ?"

ಉತ್ತರ ಸುಲಭ: ವರ್ಷದ ಹೆಚ್ಚಿನ ದಿನ ಬೇಕಾಗಿಲ್ಲ. ಬೇಕಾಗುವುದು ಪುಷ್ಯ, ಆಶ್ಲೇಷ ಮಳೆ ಬಿಡದೆ ಹಿಡಿದು ಕರೆಂಟ್ ಹೋದ ಎರಡನೇ ದಿನದಿಂದ. ಟವರ್‌ನ ಬ್ಯಾಟರಿ ಇಳಿದಿರುತ್ತದೆ, ಜನರೇಟರ್‌ಗೆ ಡೀಸೆಲ್ ತರುವ ಗಾಡಿ ಮರ ಬಿದ್ದ ರಸ್ತೆಯಲ್ಲಿ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿ ಚಾರ್ಮಾಡಿ ಘಾಟಿ ಬಂದ್ ಆಗಿದ್ದು, 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕುಸಿದಿದ್ದು, ಎರಡೂ ಅಂಥ ಮಳೆಯಲ್ಲೇ.

ಸರ್ಕಾರದ ಮಾಪಕಗಳನ್ನು ಹಗುರವಾಗಿ ನೋಡುವ ಮಾತಲ್ಲ ಇದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದರೆ ಕೆಎಸ್‌ಎನ್‌ಡಿಎಂಸಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಾಪಕ ಇಟ್ಟು 15 ನಿಮಿಷಕ್ಕೊಮ್ಮೆ ಲೆಕ್ಕ ತರಿಸಿಕೊಳ್ಳುತ್ತದೆ. ಇಷ್ಟು ದಟ್ಟವಾದ ಜಾಲ ಎಲ್ಲ ರಾಜ್ಯಗಳಲ್ಲೂ ಇಲ್ಲ. ಆದರೆ ಆ ಲೆಕ್ಕವೂ ಹೋಗುವುದು ಮೊಬೈಲ್ ಜಾಲದ ಮೇಲೆಯೇ. ಟವರ್ ಸತ್ತರೆ ಮಾಪಕವೂ ಮೌನ. ತಾನೇ ಅಳೆಯುವ ಮಾಪಕಗಳಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ, ಮಗುಚಿದ ಸಂಖ್ಯೆಯೇ ಮಳೆ ಲೆಕ್ಕ. ಮಳೆ ತೀರಾ ಜೋರಾದಾಗ ಬಟ್ಟಲು ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಹಾಗಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸಿಲ್ವರ್ ಓಕ್‌ನ ಎಲೆಯೊಂದು ಆಲಿಕೆಯಲ್ಲಿ ಕೂತರೆ ಮಳೆ ಸುರಿಯುತ್ತಿದ್ದರೂ ಸೊನ್ನೆ, ಮಳೆ ನಿಂತ ಮೇಲೆ ನಿಧಾನವಾಗಿ ತೊಟ್ಟಿಕ್ಕಿ ಮಳೆ! ಪಕ್ಕದಲ್ಲಿ ಕೈಯಿಂದ ಅಳೆಯುವ ಒಬ್ಬರಿದ್ದರೆ ಮಾತ್ರ ಇದು ಗೊತ್ತಾಗುತ್ತದೆ.

ಅಳೆಯುವುದರಿಂದಲೇ ಶುರು ಮಾಡೋಣ, ರೇಡಿಯೊ ಆಮೇಲೆ. ಸುಳ್ಳು ಲೆಕ್ಕವನ್ನು 50 ವ್ಯಾಟ್‌ನಲ್ಲಿ ಕಳಿಸಿದರೂ ಸುಳ್ಳೇ.

ಕಾಫಿ ತೋಟದವರಿಗೆ ಮಳೆ ಅಳೆಯುವುದನ್ನು ಕಲಿಸಬೇಕಾಗಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಬಿತ್ತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ತೋಟಗಳಲ್ಲಿ ತಲೆಮಾರುಗಳ ಮಳೆ ಪುಸ್ತಕ ಇರುತ್ತದೆ. ತೊಂದರೆ ಇರುವುದು ಅಳತೆಯ ಭಾಷೆಯಲ್ಲಿ. ತೋಟದಲ್ಲಿ ಇಂಚು ಮತ್ತು ಸೆಂಟ್, ಹವಾಮಾನ ಇಲಾಖೆಯಲ್ಲಿ ಮಿಲಿಮೀಟರ್. ಒಂದು ಇಂಚು 25.4 ಮಿ.ಮೀ., ಅದರ ನೂರನೇ ಒಂದು ಭಾಗ ಸೆಂಟ್. "ಐದು ಅರವತ್ತು" ಎಂದರೆ ತೋಟದವರಿಗೆ 5 ಇಂಚು 60 ಸೆಂಟ್, ಅಂದರೆ 142.2 ಮಿ.ಮೀ. ಜಿಲ್ಲಾ ಕೇಂದ್ರದಲ್ಲಿ ಕೂತು ಬರೆದುಕೊಳ್ಳುವವರಿಗೆ ಅದು 560 ಎಂದೂ ಕೇಳಿಸಬಹುದು, 56 ಎಂದೂ ಕೇಳಿಸಬಹುದು. ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮತ್ತು ಅದಕ್ಕಿಂತ ಮೇಲೆ ಅತ್ಯಂತ ಭಾರಿ. "ಎರಡೂವರೆ ಇಂಚು" ಎಂದು ಅಂದಾಜಿಗೆ ಹೇಳಿದರೆ 63.5, ಭಾರಿ ಮಳೆಯ ಗೆರೆಗೆ ಒಂದೇ ಮಿ.ಮೀ. ಕಡಿಮೆ. ಆದ್ದರಿಂದ ರೇಡಿಯೊದಲ್ಲಿ ಹೇಳುವಾಗ ಮಿಲಿಮೀಟರ್ ಮಾತ್ರ, ಅದೂ ಒಂದೊಂದೇ ಅಂಕಿ: "ಒಂದು, ನಾಲ್ಕು, ಎರಡು, ಪಾಯಿಂಟ್, ಎರಡು."

ದಿನಾಂಕದ ಗೊಂದಲ ಇನ್ನೂ ಕೆಟ್ಟದ್ದು. ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. 27ನೇ ತಾರೀಖು ಬೆಳಿಗ್ಗೆ ಅಳೆದ ಮಳೆ ಅವರ ಕಡತದಲ್ಲಿ 27ರದ್ದು, ಬಿದ್ದದ್ದು ಬಹುಪಾಲು 26ರಂದಾದರೂ. ಅನೇಕ ತೋಟದ ಪುಸ್ತಕಗಳಲ್ಲಿ ಅದೇ ಮಳೆ 26ರ ಸಾಲಿನಲ್ಲಿರುತ್ತದೆ. ಎರಡನ್ನೂ ಬೆರೆಸಿದರೆ ಒಂದೇ ಮಳೆ ಎರಡು ದಿನ ಸುರಿದಂತೆ ಕಾಣುತ್ತದೆ. ವರದಿಯಲ್ಲಿ "8:30ಕ್ಕೆ ಮುಗಿದ 24 ಗಂಟೆ" ಎಂದು ಬಾಯಿಬಿಟ್ಟು ಹೇಳುವುದು ಇದಕ್ಕೇ.

ಮಾಪಕ ದುಬಾರಿಯದೇ ಆಗಬೇಕೆಂದಿಲ್ಲ. ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಇದ್ದರೆ ಸಂಗ್ರಹವಾದ ಪ್ರತಿ 10 ಮಿಲಿಲೀಟರ್ ಒಂದು ಮಿ.ಮೀ. ಮಳೆ, 200 ಚದರ ಸೆಂ.ಮೀ. ಇದ್ದರೆ 20 ಮಿಲಿಲೀಟರ್. ಗುಂಡಗಿನ ಆಲಿಕೆಯ ಒಳವ್ಯಾಸ 11.3 ಸೆಂ.ಮೀ. ಇದ್ದರೆ ವಿಸ್ತೀರ್ಣ ಹೆಚ್ಚುಕಡಿಮೆ 100 ಬರುತ್ತದೆ, ಔಷಧಿ ಅಂಗಡಿಯ ಅಳತೆ ಗ್ಲಾಸಿನಲ್ಲೇ ಅಳೆಯಬಹುದು. ಕೆಳಗಿನ ಪಾತ್ರೆ ಮಾತ್ರ ದೊಡ್ಡದಿರಲಿ. ಒಂದು ಲೀಟರ್ ಬಾಟಲಿ ಅಂದರೆ 100 ಮಿ.ಮೀ.ಗೇ ಭರ್ತಿ, ಕೊಟ್ಟಿಗೆಹಾರದ ಕಡೆ ಜುಲೈನಲ್ಲಿ ಅದು ಒಂದು ರಾತ್ರಿಗೂ ಸಾಲದೇ ಹೋಗಬಹುದು. ಉಕ್ಕಿ ಹೋದ ಮಾಪಕದ ಲೆಕ್ಕವನ್ನು "100ಕ್ಕಿಂತ ಹೆಚ್ಚು, ಉಕ್ಕಿದೆ" ಎಂದೇ ಹೇಳಬೇಕು. ಊಹಿಸಿ ತುಂಬಿಸಿದ ಅಂಕಿ ಬೇಡ. ಮೂರು ಲೀಟರ್‌ನ ಕ್ಯಾನ್ ಇಟ್ಟರೆ ಈ ರಗಳೆ ಇಲ್ಲ.

ಎಲ್ಲಿ ಇಡಬೇಕು? ಪಕ್ಕದ ಮರವೋ ಗೋಡೆಯೋ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ. 15 ಮೀಟರ್ ಸಿಲ್ವರ್ ಓಕ್ ಇದ್ದರೆ 30 ಮೀಟರ್. ನೆರಳಿನ ಮರಗಳ ತೋಟದಲ್ಲಿ ಅಷ್ಟು ಬಯಲು ಸಿಗುವುದು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ. ಆದರೆ ಸಿಮೆಂಟ್ ಕಣದ ಮೇಲೆ ಇಟ್ಟರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬೀಳುತ್ತದೆ. ಕಣದ ಅಂಚಿನ ಹುಲ್ಲಿನಲ್ಲಿ, ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ, ಮಟ್ಟಗೋಲು ಹಿಡಿದು ಸಮವಾಗಿ. ಮನೆ ಮಾಡಿನ ಮೇಲೆ ಇಡುವವರಿದ್ದಾರೆ. ಅಲ್ಲಿ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗಿ ಮಳೆ ಕಡಿಮೆ ತೋರಿಸುತ್ತದೆ.

ಮಳೆ ಬಿಟ್ಟು ಇನ್ನೇನು ಹೇಳಬೇಕು ಎನ್ನುವಲ್ಲಿ ನಮ್ಮೂರಿನ ಬುದ್ಧಿ ಓಡಿಸಬೇಕು. ಅಮೆರಿಕದಲ್ಲಿ ಸ್ಕೈವಾರ್ನ್ ಎಂಬ ಸ್ವಯಂಸೇವಕರ ವ್ಯವಸ್ಥೆ ಇದೆ. ಅಲ್ಲಿನ ಹವಾಮಾನ ಸೇವೆಗೆ ಸುಂಟರಗಾಳಿ, ಆಲಿಕಲ್ಲು ಕಂಡ ತಕ್ಷಣ ಸುದ್ದಿ ಕೊಡುವವರಲ್ಲಿ ಹ್ಯಾಮ್‌ಗಳು ತುಂಬಾ ಜನ. ಅವರ ಕೈಪಿಡಿಯನ್ನು ಹಾಗೇ ತಂದರೆ ಮಲೆನಾಡಿಗೆ ಹೊಂದುವುದಿಲ್ಲ. ಇಲ್ಲಿ ಜೀವ ತೆಗೆಯುವುದು ಗುಡ್ಡ ಮತ್ತು ಹಳ್ಳ. ತಿಳಿಯಾಗಿದ್ದ ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅದು ವರದಿ. ಮಳೆ ಸುರಿಯುತ್ತಲೇ ಇದ್ದು ಹಳ್ಳ ಮಾತ್ರ ಇಳಿದರೆ ಇನ್ನೂ ತುರ್ತು: ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿದೆ, ಅದು ಒಡೆದರೆ ಕೆಳಗಿನ ಮನೆಗಳಿಗೆ ಸಿಗುವ ಸಮಯ ಬಹಳ ಕಮ್ಮಿ. ಧರೆಯ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಕಂಬ, ಎಂದೂ ಇಲ್ಲದ ಕಡೆ ಜಲ ಎದ್ದದ್ದು, ಮೋರಿ ಕಟ್ಟಿ ರಸ್ತೆ ಮೇಲೆ ಹರಿದ ನೀರು, ಇವನ್ನು ಯಾವ ಮಾಪಕವೂ ಹೇಳುವುದಿಲ್ಲ.

ಗಾಳಿಯ ವೇಗವನ್ನು ಊಹಿಸಿ ಹೇಳಬೇಡಿ. ಗಾಳಿಯ ಬಲ ಹೇಳುವ ಬೋಫರ್ಟ್ ಮಾಪನದಲ್ಲಿ ಮರ ಬುಡಮೇಲಾಗುವುದು ಗಂಟೆಗೆ 89 ಕಿ.ಮೀ.ನಿಂದ ಮೇಲೆ. ವಾರಗಟ್ಟಲೆ ನೆನೆದ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ ಗಾಳಿಗೂ ಮರ ಮಲಗುತ್ತದೆ. "ಎರಡು ಮರ ಬುಡಸಮೇತ ಬಿದ್ದಿವೆ, ರಸ್ತೆಗೆ ಅಡ್ಡ" ಎಂದರೆ ಸಾಕು. ಏಪ್ರಿಲ್‌ನ ಆಲಿಕಲ್ಲಿಗೆ ಅಳತೆಪಟ್ಟಿ ಹಿಡಿಯಿರಿ. ಅಮೆರಿಕದವರು ನಾಣ್ಯಕ್ಕೆ ಹೋಲಿಸುತ್ತಾರೆ, ನಮ್ಮಲ್ಲಿ ಒಂದೇ ಜೇಬಿನಲ್ಲಿ ಮೂರು ಗಾತ್ರದ ಒಂದು ರೂಪಾಯಿ ಇರುತ್ತದೆ.

ಕಡೂರು, ಅರಸೀಕೆರೆ ಕಡೆಯವರು "ನಮ್ಮಲ್ಲಿ ಮಳೆಯೇ ಇಲ್ಲ, ಏನು ಹೇಳೋದು" ಅನ್ನುತ್ತಾರೆ. ಸೊನ್ನೆಯನ್ನೂ ಹೇಳಬೇಕು. ಹೇಳದೇ ಇದ್ದರೆ ಮಳೆ ಇಲ್ಲವೋ, ಕೇಂದ್ರವೇ ಕೆಟ್ಟಿದೆಯೋ ತಿಳಿಯುವುದಿಲ್ಲ.

ಈಗ ರೇಡಿಯೊ. 144–146 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರದ ವ್ಯವಹಾರ. ಆಂಟೆನಾ ಇರುವ ಎತ್ತರವನ್ನು ಮೀಟರ್‌ನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿ.ಮೀ.ನಲ್ಲಿ ಸಿಗುತ್ತದೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಸುತ್ತಲಿನ ನೆಲಕ್ಕಿಂತ ಸುಮಾರು 900 ಮೀಟರ್ ಮೇಲೆ ಎಂದುಕೊಂಡರೂ 120 ಕಿ.ಮೀ. ದಾಟುತ್ತದೆ. ಅದೇ ಸೆಟ್ಟು ತಗ್ಗಿನ ತೋಟದ ಮನೆಯಿಂದ 10 ಕಿ.ಮೀ. ದೂರದ ಮೂಡಿಗೆರೆಗೆ ಮುಟ್ಟದೇ ಹೋಗಬಹುದು, ನಡುವೆ ಒಂದು ಗುಡ್ಡ ಇದ್ದರೆ ಸಾಕು. ಆದ್ದರಿಂದ ಬೇಸಿಗೆಯಲ್ಲೇ ಯಾರಿಂದ ಯಾರಿಗೆ ಕೇಳುತ್ತದೆ ಎಂದು ಪ್ರತಿ ಜೋಡಿಯನ್ನೂ ಪರೀಕ್ಷಿಸಿ ಪಟ್ಟಿ ಮಾಡಿ, ನಡುವೆ ದಾಟಿಸುವ ಒಬ್ಬರನ್ನು ಗುರುತಿಸಿಕೊಳ್ಳಬೇಕು.

ಕೈಸೆಟ್ಟಿನ ಗಿಡ್ಡ ಆಂಟೆನಾ ನೆಚ್ಚಬೇಡಿ. ಎಸ್‌ಒ-239 ಎಂಬ ಆಂಟೆನಾ ಸಾಕೆಟ್‌ಗೆ 49 ಸೆಂ.ಮೀ.ನ ಹಿತ್ತಾಳೆ ಕಡ್ಡಿ ನೇರ ಮೇಲಕ್ಕೆ, 52 ಸೆಂ.ಮೀ.ನ ನಾಲ್ಕು ಕಡ್ಡಿ 45 ಡಿಗ್ರಿ ಕೆಳಕ್ಕೆ ಬಾಗಿಸಿ ಬೆಸುಗೆ ಹಾಕಿದರೆ ಒಳ್ಳೆಯ ಆಂಟೆನಾ ಆಯಿತು. ಕೇಬಲ್‌ನಲ್ಲಿ ಜಿಪುಣತನ ಮಾಡಿದರೆ ಕಷ್ಟ: 20 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತದೆ, 5 ವ್ಯಾಟ್ ಕಳಿಸಿದರೆ ಮೇಲೆ ತಲುಪುವುದು ಎರಡು. ದಪ್ಪನೆಯ ಆರ್‌ಜಿ-213 ಹಾಕಿ. ಮಲೆನಾಡಿನಲ್ಲಿ ಆಂಟೆನಾ ಕೆಡುವುದು ಬಹುತೇಕ ಕನೆಕ್ಟರ್‌ನಲ್ಲಿ. ಕೇಬಲ್ ತುದಿಗೆ ಹಾಕುವ ಪಿಎಲ್-259 ಕನೆಕ್ಟರ್‌ಗೆ ನೀರು ತಡೆಯುವ ಗುಣವೇ ಇಲ್ಲ. ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಪಿವಿಸಿ ಟೇಪ್, ಕೇಬಲ್ ಮನೆಯೊಳಗೆ ಬರುವ ಮುನ್ನ ಕೆಳಕ್ಕೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಕೇಬಲ್‌ನ ತಾಮ್ರದ ಹೆಣಿಗೆ ಹಸಿರಾಗಿರುತ್ತದೆ.

ಗುಡ್ಡ ದಾಟಲೇಬೇಕಾದರೆ 7.000–7.200 ಮೆಗಾಹರ್ಟ್ಸ್. ಇಲ್ಲಿ ಡೈಪೋಲ್, ಅಂದರೆ ನಡುವೆ ಕೇಬಲ್ ಕೂಡಿಸಿದ ತಂತಿ ಆಂಟೆನಾ, ಎತ್ತರಕ್ಕೆ ಕಟ್ಟುವ ಆಸೆ ಬೇಡ. 7.1ಕ್ಕೆ ಒಟ್ಟು 20.1 ಮೀಟರ್ ತಂತಿ, ನಡುವಿನಿಂದ ಎರಡೂ ಕಡೆ ಸಮ, ನೆಲದಿಂದ ನಾಲ್ಕೈದು ಮೀಟರ್ ಮೇಲೆ ಸಾಕು. ಅಲೆ ನೆಟ್ಟಗೆ ಮೇಲೆ ಹೋಗಿ ಆಕಾಶದ ಅಯಾನುಗೋಳ ಎಂಬ ಪದರದಿಂದ ತಿರುಗಿ ಕೆಳಗೆ ಬೀಳುತ್ತದೆ, ಗುಡ್ಡದ ಹಂಗೇ ಇಲ್ಲದೆ ಸುತ್ತಲ ನೂರಿನ್ನೂರು ಕಿ.ಮೀ. ಸಿಗುತ್ತದೆ. ರಾತ್ರಿ ಹೊತ್ತು 7 ಮೆಗಾಹರ್ಟ್ಸ್ ಕೈಕೊಟ್ಟರೆ 3.6 ಮೆಗಾಹರ್ಟ್ಸ್‌ಗೆ ಇಳಿಯಬೇಕು, ಅದಕ್ಕೆ ಸುಮಾರು 40 ಮೀಟರ್ ತಂತಿ.

ಬ್ಯಾಟರಿ ಲೆಕ್ಕವನ್ನು ಮೊದಲೇ ಮಾಡಿಡಿ. ಬರೀ ಕೇಳುತ್ತಾ ಕೂತರೆ ಗಾಡಿಯಲ್ಲಿ ಕೂರಿಸುವ ಮಾದರಿಯ ರೇಡಿಯೊ ಸೆಟ್ಟು ಅರ್ಧ ಆಂಪಿಯರ್ ಎಳೆಯುತ್ತದೆ, ದಿನಕ್ಕೆ 12 ಆಂಪಿಯರ್-ಗಂಟೆ. 10 ವ್ಯಾಟ್‌ನಲ್ಲಿ ಮಾತಾಡುವಾಗ ಸುಮಾರು 4 ಆಂಪಿಯರ್. ಗಂಟೆಗೆ ಎರಡು ನಿಮಿಷ ಮಾತಾಡಿದರೂ ದಿನಕ್ಕೆ ಇನ್ನೊಂದು ಮೂರು. 40 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸಬಾರದು, ಹಾಗಾಗಿ ಒಂದು ದಿನ ದಾಟುವಷ್ಟರಲ್ಲಿ ಮುಗಿಯಿತು. ಸೋಲಾರ್ ಪ್ಯಾನೆಲ್ ಜುಲೈನಲ್ಲಿ ಮೋಡ ನೋಡುತ್ತಾ ಕೂತಿರುತ್ತದೆ. ಪರಿಹಾರ ಎಂದರೆ ಸೆಟ್ಟನ್ನು ಆಫ್ ಮಾಡಿಡುವುದು. ಗಂಟೆ ಹೊಡೆದಾಗ ಮೊದಲ ಐದು ನಿಮಿಷ ಎಲ್ಲರೂ ಕೇಳುವುದು, ಆಮೇಲೆ ಬಂದ್ ಎಂದು ಒಪ್ಪಿಕೊಂಡರೆ ಅದೇ ಬ್ಯಾಟರಿ ನಾಲ್ಕೈದು ದಿನ ಬರುತ್ತದೆ. ಎಲ್ಲರ ವರದಿ ಬರೆದುಕೊಳ್ಳುವ ನಿಯಂತ್ರಣ ಕೇಂದ್ರದವರು ಮಾತ್ರ ಸದಾ ಕೇಳುತ್ತಿರಬೇಕು, ಅವರು ಜನರೇಟರ್ ಇರುವ ಪಟ್ಟಣದಲ್ಲಿರಲಿ.

ನಿತ್ಯದ ನೆಟ್, ಅಂದರೆ ಹ್ಯಾಮ್‌ಗಳೆಲ್ಲ ರೇಡಿಯೊದಲ್ಲಿ ಒಟ್ಟು ಸೇರಿ ಸರದಿಯಂತೆ ವರದಿ ಹೇಳುವುದು, ಬೆಳಿಗ್ಗೆ 8:45ಕ್ಕೆ, ಅಳೆದು ಬರೆದುಕೊಳ್ಳಲು ಕಾಲು ಗಂಟೆ ಬಿಟ್ಟು. ಮಾತಿನ ಕ್ರಮ: ಕರೆಸಂಕೇತ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು), ಊರು, ಹೊತ್ತು, ಕಂಡದ್ದು, ಅಳೆದದ್ದೋ ಅಂದಾಜೋ, ಸ್ವತಃ ನೋಡಿದ್ದೋ ಕೇಳಿದ್ದೋ. ಕೊನೆಯದನ್ನು ಬಿಟ್ಟರೆ ಒಂದೇ ಕುಸಿತವನ್ನು ಮೂವರು ಕೇಳಿ ಹೇಳಿ ಮೂರು ಕುಸಿತವಾಗುತ್ತದೆ. ನಿಯಂತ್ರಣ ಕೇಂದ್ರ ಅದನ್ನು ಓದಿ ಹೇಳಿ ಖಚಿತಪಡಿಸಿಕೊಂಡು ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ತಲುಪಿಸುತ್ತದೆ. ಯಾರ ಕೈಗೆ, ಯಾವ ನಮೂನೆಯಲ್ಲಿ ಎಂಬುದು ಮೇ ತಿಂಗಳಲ್ಲೇ ಕೂತು ಮಾತಾಡಿಕೊಂಡಿರಬೇಕು, ಪ್ರವಾಹದ ರಾತ್ರಿ ಪರಿಚಯ ಹೇಳಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಮೂಡಿಗೆರೆ ಕಡೆಯ ಲೆಕ್ಕ ಸಕಲೇಶಪುರದ ಹೇಮಾವತಿ ದಂಡೆಯವರಿಗೂ ಬೇಕು, ಹಾಗಾಗಿ ಹಾಸನದವರೂ ಅದೇ ನೆಟ್‌ನಲ್ಲಿ ಕೇಳುತ್ತಿರುವುದು ಒಳ್ಳೆಯದು. ನದಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಲೈಸೆನ್ಸ್? ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕೈಸೆಟ್ಟು ತಂದು ಮಾತಾಡುವುದು ಅಪರಾಧ. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಪರೀಕ್ಷೆ ಪಾಸಾಗಬೇಕು, 12 ವರ್ಷ ತುಂಬಿದ್ದರೆ ಸಾಕು, ರಿಸ್ಟ್ರಿಕ್ಟೆಡ್ ಎಂಬ ಆರಂಭದ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ. ಆದರೆ ಅಳೆಯುವವರಿಗೆ ಲೈಸೆನ್ಸ್ ಬೇಡ. ಒಬ್ಬ ಹ್ಯಾಮ್ ಸುತ್ತ ಮಳೆ ಪುಸ್ತಕ ಇಟ್ಟಿರುವ ನಾಲ್ಕು ತೋಟದವರಿದ್ದರೆ ಆ ಹೋಬಳಿಗೆ ಒಳ್ಳೆಯ ಜಾಲವಾಯಿತು.

ಇಷ್ಟೆಲ್ಲದರ ನಡುವೆ ಎರಡು ನಿಷೇಧ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ ಮಿಂಚಿನಿಂದ ಸದ್ದಿಗೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ, ವರದಿ ನಿಲ್ಲಿಸಬೇಕು. ಕೇಬಲ್ ಕಳಚುವುದೂ ಮೋಡ ಕಟ್ಟುವಾಗಲೇ ಆಗಿರಬೇಕು, ಆ ಹೊತ್ತಿಗೆ ಕೈ ಹಾಕಬಾರದು. ಇನ್ನೊಂದು, ರಾತ್ರಿ ಹೊಳೆ ಮಟ್ಟ ನೋಡಲು ದಂಡೆಗೆ ಇಳಿಯಬಾರದು. ಬೇಸಿಗೆಯಲ್ಲೇ ನಿಮ್ಮ ದಂಡೆಯಲ್ಲಿ 10 ಸೆಂ.ಮೀ.ಗೊಂದು ಬಿಳಿ ಗೆರೆ ಬಳಿದ ಗೂಟ ನೆಟ್ಟು ಅಂಗಳದಿಂದ ಟಾರ್ಚ್ ಬಿಟ್ಟು ಓದುವಂತಿರಲಿ. ಗೆರೆ ಕಾಣದಿದ್ದರೆ ಲಾಗ್ ಪುಸ್ತಕದಲ್ಲಿ "ನೋಡಲಾಗಲಿಲ್ಲ" ಎಂದು ಬರೆದು, ನೆಟ್‌ನಲ್ಲೂ ಹಾಗೇ ಹೇಳಿ.