ಮೊಳೆ ಗನ್‌ಗೆ ಕಂಪ್ರೆಸರ್ ತಗೊಳ್ಳುವ ಮುಂಚೆ

ಯಲಹಂಕದ ಹತ್ತಿರ ಒಂದು ಹೊಸ ಕಟ್ಟಡ, ಮೂರನೇ ಮಹಡಿ. ವಾರ್ಡ್ರೋಬಿನ ಹಿಂದಿನ ಪ್ಲೈಗೆ ಗನ್ನಿನಿಂದ ಮೊಳೆ ಹೊಡೆಯುತ್ತಿದ್ದೆವು. ಹತ್ತು ಮೊಳೆ ಸರಿಯಾಗಿ ಇಳಿದರೆ ಮುಂದಿನ ಹತ್ತು ತಲೆ ಎತ್ತಿ ನಿಲ್ಲುತ್ತಿದ್ದವು. ಎಲ್ಲವನ್ನೂ ಮತ್ತೆ ಸುತ್ತಿಗೆಯಲ್ಲಿ ಬಡಿಯಬೇಕು. ಗನ್ ಕೆಟ್ಟಿದೆ ಅಂದುಕೊಂಡೆ. ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಅನ್ನೋ ರಬ್ಬರ್ ಬಳೆ ಬದಲಾಯಿಸಿದೆ, ಬೇರೆ ಮೊಳೆ ತಂದೆ, ಒಂದು ದಿನ ಪೂರ್ತಿ ಹೋಯಿತು. ತಪ್ಪು ಗನ್ನಿನದಾಗಿರಲಿಲ್ಲ.

ನನ್ನ ಹತ್ತಿರ ಆಗ ಇದ್ದದ್ದು 2 ಎಚ್‌ಪಿ ಮೋಟರಿನ, 50 ಲೀಟರ್ ಟ್ಯಾಂಕಿನ ಆಯಿಲ್ ಕಂಪ್ರೆಸರ್, ಅಂದರೆ ಗಾಳಿ ಒತ್ತಿ ತುಂಬಿ ಗನ್ನಿಗೆ ಕೊಡುವ, ಒಳಗೆ ಎಣ್ಣೆ ಹಾಕುವ ಮೆಷಿನ್. ಸುಮಾರು 40 ಕೆಜಿ ತೂಕ. ದೊಡ್ಡದು ತಗೊಂಡರೆ ಯಾವ ಕೆಲಸಕ್ಕೂ ಆಗುತ್ತದೆ ಅಂತ ತಗೊಂಡಿದ್ದೆ. ಇಬ್ಬರು ಹುಡುಗರು ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದಿದ್ದರು. ಕಟ್ಟಡದಲ್ಲಿ ಇನ್ನೂ ಟೆಂಪರರಿ ಕರೆಂಟು, ಬೋರ್ಡ್ ಇದ್ದದ್ದು ಕೆಳಗೆ. ಅಲ್ಲಿಂದ 30 ಮೀಟರ್ ತೆಳ್ಳಗಿನ ವೈರ್ ಎಳೆದಿದ್ದೆವು.

ಮಧ್ಯಾಹ್ನ ಅದೇ ಸೈಟಿನ ಎಲೆಕ್ಟ್ರಿಷಿಯನ್ ಅಣ್ಣ ಬಂದು ನೋಡಿದರು. ಮೊದಲು ವೈರನ್ನು ಕೈಯಲ್ಲಿ ಹಿಡಿದರು. ಬಿಸಿಯಾಗಿತ್ತು. ಮೀಟರ್ ಹಾಕಿದರು. ಮೋಟರ್ ಸ್ಟಾರ್ಟ್ ಆಗುವ ಹೊತ್ತಿಗೆ ವೋಲ್ಟೇಜು 170ರ ಹತ್ತಿರ ಬೀಳುತ್ತಿತ್ತು. ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನಾವು ಮಾತ್ರ ಹೊಡೆಯುತ್ತಲೇ ಇರುತ್ತೇವೆ, ಟ್ಯಾಂಕಿನ ಪ್ರೆಷರ್ 4 ಬಾರ್‌ಗಿಂತ (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ) ಕೆಳಗೆ ಇಳಿದಿರುತ್ತದೆ. ಮೊಳೆ ಹೇಗೆ ಒಳಗೆ ಹೋಗಬೇಕು?

"ತಮ್ಮಾ, ಕರೆಂಟನ್ನ ಎಳೀಬೇಡ, ಗಾಳೀನ ಎಳಿ. ಮೆಷಿನ್ನು ಬೋರ್ಡ್ ಹತ್ರ ಇಡು, ಪೈಪು ಎಷ್ಟು ಬೇಕೋ ಅಷ್ಟು ಉದ್ದ ಹಾಕ್ಕೋ" ಅಂದರು.

ಹಾಗೇ ಮಾಡಿದೆವು. ಕಂಪ್ರೆಸರ್ ಕೆಳಗೆ, ಗಾಳಿ ಪೈಪು ಮೆಟ್ಟಿಲ ಸಂದಿಯಲ್ಲಿ ಮೇಲಕ್ಕೆ. ಸಂಜೆಯೊಳಗೆ ಹಿಂಬದಿ ಶೀಟುಗಳೆಲ್ಲ ಮುಗಿದವು. ಮೊಳೆ ಗನ್ ಒಂದು ಸಲಕ್ಕೆ ಸ್ವಲ್ಪವೇ ಗಾಳಿ ಕೇಳುತ್ತದೆ. ಒಂದು ಮೊಳೆಗೂ ಇನ್ನೊಂದಕ್ಕೂ ನಡುವೆ ಪೈಪು ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಪೈಪಿನ ಉದ್ದ ಅಷ್ಟಾಗಿ ಕಾಡುವುದಿಲ್ಲ. ಆದರೆ ಸ್ಟಾರ್ಟ್ ಆಗುವ ಮೋಟರ್ ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತೆಳ್ಳಗಿನ ವೈರು ಅದನ್ನು ತಾಳುವುದಿಲ್ಲ. ಈಗ ನನ್ನ ಸೈಟಿನಲ್ಲಿ ಕಂಪ್ರೆಸರಿಗೆ 2.5 ಸ್ಕ್ವೇರ್ ಎಂಎಂ ವೈರ್, 16 ಆ್ಯಂಪ್ ಪ್ಲಗ್. ಬೇರೆ ವೈರ್ ಮುಟ್ಟಲು ಬಿಡುವುದಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ತಗೊಳ್ಳುವ ಮುಂಚೆಯೇ ಹಾಕಬೇಕಿದ್ದ ಲೆಕ್ಕ ಅದು.

ನನ್ನದರ ಅರ್ಧದಷ್ಟು, 24 ಲೀಟರಿನ ಟ್ಯಾಂಕು ಅಂತಿಟ್ಟುಕೊಳ್ಳಿ. 8 ಬಾರ್ ಆದಾಗ ಮೋಟರ್ ನಿಲ್ಲುತ್ತದೆ, 6ಕ್ಕೆ ಇಳಿದಾಗ ಮತ್ತೆ ಶುರು. ನಡುವೆ ನಮಗೆ ಸಿಗುವುದು 2 ಬಾರ್. 24 ಇಂಟು 2, ಅಂದರೆ ಒತ್ತದೆ ಇರುವ ಮಾಮೂಲಿ ಗಾಳಿಯ ಲೆಕ್ಕದಲ್ಲಿ 48 ಲೀಟರ್. ನಾವು ದಿನಾ ಬಳಸುವ ಎಫ್30 ಬ್ರಾಡ್ ಗನ್, ತೆಳ್ಳಗಿನ 18 ಗೇಜ್ ಮೊಳೆಯದು, ಒಂದು ಏಟಿಗೆ ಅರ್ಧದಿಂದ ಮುಕ್ಕಾಲು ಲೀಟರ್ ತಿನ್ನುತ್ತದೆ. ಹಾಗಾದರೆ ಮೋಟರ್ ಓಡದೆಯೇ 65ರಿಂದ 95 ಮೊಳೆ. ಈಗ ವಾರ್ಡ್ರೋಬಿನ ಕಡೆಯಿಂದ ನೋಡಿ. 7 ಅಡಿಗೆ 4 ಅಡಿ ಹಿಂಬದಿ ಶೀಟಿನ ಸುತ್ತಳತೆ 22 ಅಡಿ. 4 ಇಂಚಿಗೊಂದು ಮೊಳೆ ಅಂದರೆ 66. ಒಂದು ಸಲ ತುಂಬಿದ ಗಾಳಿಯಲ್ಲಿ ಒಂದು ಶೀಟು ಮುಗಿಯುತ್ತದೆ! ಮುಂದಿನ ಶೀಟು ಎತ್ತಿ ನಿಲ್ಲಿಸುವಷ್ಟರಲ್ಲಿ ಟ್ಯಾಂಕು ತುಂಬಿರುತ್ತದೆ. ನಾನು ಎಷ್ಟೋ ತಿಂಗಳು ಆ 40 ಕೆಜಿಯನ್ನು ಸುಮ್ನೆ ಹೊರಿಸಿದ್ದೆ. ಆ ಹುಡುಗರ ಬೆನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

8 ಲೀಟರಿನ ಪುಟ್ಟ ಮೆಷಿನ್ ಆದರೆ 20–30 ಮೊಳೆಗೇ ಮೋಟರ್ ಏಳುತ್ತದೆ. ಬೀಡಿಂಗ್, ಸಣ್ಣ ರಿಪೇರಿಗೆ ಅದು ಚೆನ್ನಾಗಿದೆ, ಒಬ್ಬರೇ ಎತ್ತಬಹುದು. ಗೋಡೆಗೆ ಕಾಂಕ್ರೀಟ್ ಮೊಳೆ ಹೊಡೆಯುವ ಎಸ್‌ಟಿ64 ಗನ್ ಇದ್ದರೆ ಈ ಪುಟ್ಟ ಮೆಷಿನ್ ನಂಬಬೇಡಿ. ಆ ಗನ್ನಿನ ಸಿಲಿಂಡರ್ ದೊಡ್ಡದು, ಗಾಳಿ ಜಾಸ್ತಿ ಬೇಕು. ಇಬ್ಬರು ಒಟ್ಟಿಗೆ ಹೊಡೆಯುವುದಾದರೂ ಅಷ್ಟೇ. ಸ್ಪ್ರೇ ಪೇಂಟ್ ಕೂಡ ಮಾಡ್ತೀನಿ ಅನ್ನುವವರ ಲೆಕ್ಕವೇ ಬೇರೆ. ಸ್ಪ್ರೇಗೆ ಗಾಳಿ ಬಿಡದೆ ಬರುತ್ತಿರಬೇಕು, ಮೊಳೆಗೆ ಬೇಕಿಲ್ಲ.

ಅಂಗಡಿಯಲ್ಲಿ ಎಚ್‌ಪಿ ಕೇಳಿ ಸುಮ್ಮನಾಗಬೇಡಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಎಷ್ಟೋ ಸಲ ಪಿಸ್ಟನ್ನಿನ ಅಳತೆಯಿಂದ ಹಾಕಿದ ಲೆಕ್ಕ. ಹೊರಗೆ ಬರುವ ಗಾಳಿ ಅದಕ್ಕಿಂತ ಕಡಿಮೆಯೇ. ನಾನು ಮೆಷಿನ್ ಆನ್ ಮಾಡಿಸಿ, 6 ಬಾರ್‌ನಿಂದ 8ಕ್ಕೆ ಏರಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡುತ್ತೇನೆ. 24 ಲೀಟರಿನದು ಒಂದು ನಿಮಿಷದೊಳಗೆ ಏರಿದರೆ ನಮ್ಮ ಕೆಲಸಕ್ಕೆ ಸಾಕು. ನಿಂತಾಗ 'ಟುಸ್' ಅಂತ ಗಾಳಿ ಬಿಡುವ ಸದ್ದು ಬರುತ್ತದಾ ಅಂತ ಕೇಳಿಸಿಕೊಳ್ಳುತ್ತೇನೆ. ಅದು ಬರದಿದ್ದರೆ ಮುಂದಿನ ಸಲ ಮೋಟರ್ ಗಾಳಿಯ ಭಾರದ ಎದುರೇ ತಿರುಗಬೇಕಾಗುತ್ತದೆ.

ಆಯಿಲ್ ಇರುವುದೋ ಇಲ್ಲದ್ದೋ? ಇದರಲ್ಲಿ ನನಗೆ ಎರಡು ಮಾತಿಲ್ಲ. ಆಯಿಲ್ ಮೆಷಿನ್ ಜಾಸ್ತಿ ದಿನ ಬಾಳುತ್ತದೆ, ನಿಜ. ಆದರೆ ಒಂದೇ ಕಡೆ ಇಡುವ ವರ್ಕ್‌ಶಾಪಿಗೆ ಅದು. ಒಮ್ಮೆ ನಮ್ಮದು ಆಟೋದಲ್ಲಿ ವಾಲಿಕೊಂಡು ಬಂತು. ಎಣ್ಣೆ ಸಿಲಿಂಡರಿಗೆ ಹತ್ತಿತ್ತು. ತೇಗದ ವೆನೀರ್ ಮೇಲಿನ ಧೂಳು ಊದಲು ಹೋದೆ, ಗಾಳಿಯ ಜೊತೆ ಎಣ್ಣೆ ಚುಕ್ಕೆಗಳು ಬಿದ್ದವು. ಎರಡು ಬಾಗಿಲು ಹೊಸದಾಗಿ ಮಾಡಿಕೊಟ್ಟೆ. ದಿನಕ್ಕೊಂದು ಸೈಟಿಗೆ ಓಡಾಡುವವರಿಗೆ ಆಯಿಲ್-ಫ್ರೀ ಸರಿ. ಸೈಲೆಂಟ್ ಮಾಡೆಲ್ ಆದರೆ ಸದ್ದೂ ಕಡಿಮೆ. ಜನ ವಾಸ ಇರುವ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ, ಅಲ್ವಾ? ಕಂಪ್ರೆಸರಿನಲ್ಲಿ ಆಯಿಲ್ ಇಲ್ಲ ಅಂತ ಗನ್ನಿಗೆ ಆಯಿಲ್ ಹಾಕುವುದನ್ನೂ ಬಿಡಬೇಡಿ. ಬೆಳಿಗ್ಗೆ ಪೈಪು ಸಿಕ್ಕಿಸುವ ಜಾಗದಲ್ಲಿ ಎರಡು ಹನಿ ಏರ್ ಟೂಲ್ ಆಯಿಲ್ ಹಾಕಿ.

ಈಗಿನದು 24 ಲೀಟರಿನ ಆಯಿಲ್-ಫ್ರೀ. ಗನ್ನಿಗೆ ಹೋಗುವ ಪ್ರೆಷರ್ ಹೊಂದಿಸುವ ರೆಗ್ಯುಲೇಟರ್ ಪ್ಲೈಗೆ 5.5ರಿಂದ 6 ಬಾರ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ 4.5. ಮೊಳೆ ಇಳಿಯದಿದ್ದರೆ ಹುಡುಗರು ಮೊದಲು ಪ್ರೆಷರ್ ಗೇಜ್ ನೋಡುತ್ತಾರೆ. ಮೊಳೆ ಸಿಕ್ಕಿಕೊಂಡರೆ ಮೊದಲು ಪೈಪು ಕಳಚುತ್ತಾರೆ, ಆಮೇಲೇ ಗನ್ ಬಿಚ್ಚುವುದು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಸಂಜೆ ಟ್ಯಾಂಕಿನ ಅಡಿಯ ವಾಲ್ವ್ ಬಿಚ್ಚಿ ನೀರು ಬಿಡುವುದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನ ಕೆಲಸ. ಹೋದ ಮಳೆಗಾಲ ನಮ್ಮೂರು ಸಾಗರದಲ್ಲಿ ಒಂದು ಮನೆ ಕೆಲಸವಿತ್ತು. ಮೊದಲ ದಿನ ವಾಲ್ವ್ ಬಿಚ್ಚಿದವನು ಕೆಳಗೆ ಟೀ ಲೋಟ ಹಿಡಿದ. ಕಾಲು ಲೋಟ ಕೆಂಪು ನೀರು ಬಂತು. "ಗಾಳಿ ತುಂಬಿದ್ದಲ್ವಾ ಅಣ್ಣ, ನೀರೆಲ್ಲಿಂದ ಬಂತು?" ಅಂತ ಕೇಳಿದ. ಹೊರಗೆ ಸುರಿಯುತ್ತಿದ್ದ ಮಳೆ ತೋರಿಸಿದೆ. ಮಾರನೇ ದಿನದಿಂದ ಅವನಿಗೆ ನಾನು ನೆನಪು ಮಾಡಬೇಕಾಗಿ ಬರಲಿಲ್ಲ.