ಒಂದು ಅಂಕಿಯ ಹಿಂದಿನ ಅಪಘಾತ

ವಿಕಿರಣಶೀಲ ವಸ್ತುಗಳ ಸಾಗಾಟ ನಿಯಮದಲ್ಲಿ, ಯಾವ ವಸ್ತುವನ್ನು ಒಂದು ಸಾಧಾರಣ (ಎ ಮಾದರಿಯ) ಪೆಟ್ಟಿಗೆಯಲ್ಲಿ ಹೆಚ್ಚೆಂದರೆ ಎಷ್ಟು ಕಳಿಸಬಹುದು ಎಂದು ಹೇಳುವ ಉದ್ದನೆಯ ಪಟ್ಟಿ ನೋಡಿದರೆ, ಯಾರೋ ಕೂತು ಅಂದಾಜಿನಲ್ಲಿ ಬರೆದ ಅಂಕಿಗಳು ಅನಿಸುತ್ತದೆ. ಹಾಗಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆ ಪಟ್ಟಿಯ ಹಿಂದೆ ಒಂದು ಕಲ್ಪಿತ ಅಪಘಾತವಿದೆ: ಪೆಟ್ಟಿಗೆ ಹಾಳಾಗಿದೆ, 1 ಮೀಟರ್ ದೂರದಲ್ಲಿ ಒಬ್ಬರು 30 ನಿಮಿಷ ಇದ್ದಾರೆ. ಅವರ ದೇಹಕ್ಕೆ ತಗಲುವ ವಿಕಿರಣ 50 ಮಿಲಿಸೀವರ್ಟ್ (ವಿಕಿರಣ ಡೋಸಿನ ಅಳತೆ) ಮೀರಬಾರದು.

ಹೊರಗಿನಿಂದ ಬೀಳುವ ಗಾಮಾ, ಬೀಟಾ, ಉಸಿರಿನಲ್ಲಿ ಒಳಹೋಗುವುದು, ಚರ್ಮಕ್ಕೆ ಅಂಟುವುದು, ಅನಿಲವಾದರೆ ಸುತ್ತ ಆವರಿಸುವುದು. ಹೀಗೆ ಒಂದೊಂದು ದಾರಿಗೂ ಪೆಟ್ಟಿಗೆಯಲ್ಲಿ ಎಷ್ಟಿದ್ದರೆ ಆ ಮಿತಿ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ, ಎಲ್ಲಕ್ಕಿಂತ ಚಿಕ್ಕದಾಗಿ ಬಂದದ್ದನ್ನು ಎ2 ಎನ್ನುತ್ತಾರೆ. ಗಟ್ಟಿಯಾಗಿ ಮುಚ್ಚಿ ಬೆಸೆದು, ಚೆದುರುವುದಿಲ್ಲ ಎಂದು ಪರೀಕ್ಷೆಯಲ್ಲಿ ಪಾಸಾದ ವಿಕಿರಣ ಮೂಲಕ್ಕೆ ಮೊದಲೆರಡು ದಾರಿಗಳೇ ಮುಖ್ಯ, ಅವುಗಳಲ್ಲಿ ಚಿಕ್ಕದಾಗಿ ಬಂದದ್ದು ಎ1.

ಕೋಬಾಲ್ಟ್-60ಕ್ಕೆ ಎರಡೂ 0.4 ಟೆರಾಬೆಕೆರೆಲ್ (ವಿಕಿರಣಶೀಲತೆಯ ಅಳತೆ). ಅಮೆರಿಸಿಯಂ-241 ನೋಡಿ: ಎ1 10, ಎ2 ಬರೀ 0.001. ಹತ್ತು ಸಾವಿರ ಪಟ್ಟು ವ್ಯತ್ಯಾಸ! ಚೆದುರುವುದಿಲ್ಲ ಎಂಬ ಪ್ರಮಾಣಪತ್ರದ ಅವಧಿ ಮುಗಿದ ಮೂಲಕ್ಕೆ ಹಳೇ ಅಭ್ಯಾಸದಲ್ಲಿ ಎ1 ಹಾಕಿಬಿಟ್ಟರೆ ಎಡವಟ್ಟಾಗುವುದು ಇಲ್ಲೇ.

ಪಟ್ಟಿಯಲ್ಲಿ ಹೆಸರೇ ಇಲ್ಲದ ನ್ಯೂಕ್ಲೈಡ್ (ಕೋಬಾಲ್ಟ್-60ರಂಥ ಒಂದು ಬಗೆಯ ಪರಮಾಣು) ಬಂದರೆ? ಬೀಟಾ, ಗಾಮಾ ಮಾತ್ರ ಇದೆ ಎಂದು ಗೊತ್ತಿದ್ದರೆ ಎ2 0.02. ಏನೂ ಮಾಹಿತಿ ಇಲ್ಲದಿದ್ದರೆ 0.00009. ನಮ್ಮ ಅಜ್ಞಾನಕ್ಕೂ ಒಂದು ಅಂಕಿ ಇಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸುತ್ತದೆ.

ಅಂದಹಾಗೆ, ಸೀಸಿಯಂ-137ರ ಅಂಕಿಯಲ್ಲಿ ಅದು ಕ್ಷಯಿಸಿದಾಗ ಹುಟ್ಟುವ ಮರಿ ಬೇರಿಯಂನ ಗಾಮಾ ಆಗಲೇ ಸೇರಿದೆ. ಮತ್ತೆ ಕೂಡಿಸಬೇಡಿ.